ಕೆಡವಿದ ಮನೆಯ ಅಂಕಿಗಳು

ಒಬ್ಬ ಹುಡುಗಿಯ ಡಾಕ್ಟರೇಟನ್ನು ನಾನು ಹಾಳು ಮಾಡಿದೆ. ಹನ್ನೆರಡು ವರ್ಷವಾಯಿತು. ಇದನ್ನು ಹೇಳುವುದನ್ನು ಅಂದಿನಿಂದ ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ನಿವೃತ್ತಿಯಾಗಲಿ ಅಂದೆ. ಆಮೇಲೆ ಕಿರಿಯ ಮಗಳ ಮದುವೆ ಮುಗಿಯಲಿ ಅಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಅಂದೆ. ಪೊರೆ ತೆಗೆಸಿ ನಾಲ್ಕು ವರ್ಷವಾಯಿತು, ಕಣ್ಣು ಚೆನ್ನಾಗಿ ಕಾಣುತ್ತಿದೆ — ಬರೆಯಲಿಲ್ಲ.

ಓದುವವರು ನನ್ನ ಮೇಲೆ ಕನಿಕರ ತೋರಬೇಕಾಗಿಲ್ಲ. ಎಪ್ಪತ್ತು ದಾಟಿದ ಮೇಲೆ ಗದ್ಗದ ದನಿಯಲ್ಲಿ ತಪ್ಪೊಪ್ಪಿಕೊಳ್ಳುವ ಮುದುಕರನ್ನು ನಾನು ಸಾಕಷ್ಟು ನೋಡಿದ್ದೇನೆ. ಶಿಕ್ಷೆ ಕೊಡುವವರೆಲ್ಲ ಸತ್ತ ಮೇಲೆಯೇ ಅವರಿಗೆ ಮನಸ್ಸಾಕ್ಷಿ ಎಚ್ಚರವಾಗುತ್ತದೆ. ನಾನೂ ಅವರ ಪೈಕಿಯವನೇ. ಇದನ್ನು ತಿಳಿದುಕೊಂಡೇ ಮುಂದೆ ಓದಬೇಕು.

ನಾನು ಮೀಟರ್ ರೀಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಕರೆಂಟಿನ ಇಲಾಖೆ ಸೇರಿದವನು ಸವದತ್ತಿ ತಾಲೂಕಿನಲ್ಲೇ ಮೂವತ್ತನಾಲ್ಕು ವರ್ಷ ತಿರುಗಿದೆ. ಕೊನೆಯ ವರ್ಷಗಳಲ್ಲಿ ನನ್ನ ಪಾಲಿಗಿದ್ದದ್ದು ಮುನವಳ್ಳಿ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಮೀಟರಿನ ಅಂಕಿ ಬರೆದುಕೊಂಡು ಬರುವುದು, ಅಷ್ಟೇ ಕೆಲಸ. ಅದರಲ್ಲಿ ಜಾಣತನ ಬೇಕಾಗಿರಲಿಲ್ಲ, ಆದರೆ ನಾನು ಮಹಾ ಜಾಣ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಅದಕ್ಕೆ ಕಾರಣ ನಮ್ಮ ಕಸುಬಿನ ಒಂದು ರೂಢಿ. ಮನೆಗೆ ಬೀಗ ಹಾಕಿದ್ದರೆ ಹಿಂದಿನ ಮೂರು ತಿಂಗಳ ಸರಾಸರಿ ತೆಗೆದು ಬರೆಯಬಹುದಿತ್ತು. ಬಿಸಿಲು ಜೋರಾಗಿದ್ದ ದಿನ, ಬಾಗಿಲು ತೆರೆದ ಮನೆಗಳಿಗೂ ನಾನೇ ಮನಸ್ಸಿನಲ್ಲಿ ಬೀಗ ಹಾಕಿಬಿಡುತ್ತಿದ್ದೆ. ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದು ಓಣಿಯ ಸರಾಸರಿ ಪೂರ್ತಿ ಬರೆದದ್ದುಂಟು. ಕರೆಂಟಿನ ಮೀಟರು ಕೂಡುತ್ತ ಹೋಗುತ್ತದೆ. ಈ ತಿಂಗಳು ತಪ್ಪು ಬರೆದರೂ ಮುಂದಿನ ತಿಂಗಳ ನಿಜವಾದ ಅಂಕಿ ಅದನ್ನು ನುಂಗಿ ಸರಿಮಾಡುತ್ತದೆ. ಹೀಗಾಗಿ ಸುಳ್ಳು ತಾನಾಗಿಯೇ ಸರಿಹೋಗುವ ವಸ್ತು ಎಂದು ಮೂವತ್ತು ವರ್ಷ ನಂಬಿದ್ದೆ.

ನಮ್ಮ ಶಾಖೆಯಲ್ಲಿ ಪರಸಪ್ಪ ಎಂಬ ಲೈನ್‌ಮನ್ ಇದ್ದ. ಗಾಳಿಮಳೆಯಲ್ಲಿ ಕಂಬ ಹತ್ತುವವನು ಅವನು, ನೆರಳಿನಲ್ಲಿ ಪುಸ್ತಕ ಹಿಡಿದು ನಡೆಯುವವನು ನಾನು. ಆದರೂ ಅವನು ನನ್ನನ್ನು ‘ಅಣ್ಣಾರ’ ಅನ್ನುತ್ತಿದ್ದ, ನಾನು ಅವನನ್ನು ‘ಪರಸ್ಯಾ’ ಅನ್ನುತ್ತಿದ್ದೆ. ಅವರು ಬೌದ್ಧರು. ಅವನ ತಂದೆಯ ಕಾಲಕ್ಕೇ ಹಳೆಯ ಜಾತಿಯ ಹೆಸರನ್ನು ಬಿಟ್ಟುಬಂದಿದ್ದರು. ಅವರು ಬಿಟ್ಟಿದ್ದರು, ನಾನು ಬಿಟ್ಟಿರಲಿಲ್ಲ. ಅವನ ಮನೆಗೆ ಹೋದಾಗ ಚಹಾ ತಂದಿಟ್ಟರೆ ‘ನನಗ ಸಕ್ಕರಿ ಬ್ಯಾನಿ ಐತಿ’ ಎಂದು ದೂರ ಸರಿಸುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆ ಇವತ್ತಿಗೂ ಇಲ್ಲ.

ಪರಸಪ್ಪನಿಗೆ ಒಬ್ಬಳೇ ಮಗಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. ಈ ಸುದ್ದಿಯನ್ನು ಅವನು ಕಂಬದ ಮೇಲಿಂದಲೂ ಹೇಳುತ್ತಿದ್ದ.

‘ಡಾಕ್ಟರ್ ಆಗ್ತಾಳ್ರಿ ಅಣ್ಣಾರ. ಸೂಜಿ ಚುಚ್ಚೂ ಡಾಕ್ಟರ್ ಅಲ್ರಿ ಮತ್ತ, ಅದಕ್ಕಿಂತ ಮ್ಯಾಲಿಂದು.’

‘ಸೂಜಿ ಚುಚ್ಚಾಕ ಬರದ ಡಾಕ್ಟರನ್ನ ತೊಗೊಂಡು ಏನ ಮಾಡ್ತೀಯೋ ಪರಸ್ಯಾ? ನೆಗಡಿ ಬಂದ್ರ ಲೆಕ್ಕ ಬಿಡಸ್ತಾಳೇನು?’

ಕೆಳಗಿದ್ದವರೆಲ್ಲ ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನ ನಗುವಿನಲ್ಲಿ ನಂಜು ಇರಲಿಲ್ಲ — ನನ್ನ ಮಾತಿನಲ್ಲಿ ಇತ್ತು. ನನ್ನ ಮಗ ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿ ಕೂತಿದ್ದ. ಪರಸ್ಯಾನ ಮಗಳು ಡಾಕ್ಟರಾಗುವುದೆಂದರೆ...

ಒಂದು ಭಾನುವಾರ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದ. ಅವಳ ಕೈಯಲ್ಲಿ ಒಂದು ಪೆಟ್ಟಿಗೆ, ಒಳಗೆ ಟಾರ್ಚಿನಷ್ಟು ದೊಡ್ಡ ಎರಡು ಯಂತ್ರ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ — ಈ ನಾಲ್ಕು ಕಡೆಯ ಮಣ್ಣು ಬೇರೆ, ಕಲ್ಲು ಬೇರೆ, ಅವುಗಳಿಂದ ಕಟ್ಟಿದ ಮನೆಗಳೂ ಬೇರೆ. ಆ ಮನೆಗಳ ಒಳಗೆ ನೆಲ, ಗೋಡೆಗಳಿಂದ ಬರುವ ವಿಕಿರಣವನ್ನು ಒಂದು ವರ್ಷ ಅಳೆಯುವುದು ಅವಳ ಸಂಶೋಧನೆ.

‘ಕಾಕಾ, ಇದು ಭೂಮಿ ಹುಟ್ಟಿದಾಗಿಂದ ಐತ್ರಿ. ನಾವು ಅದರಾಗ ಮಲಗತೇವಿ, ಅದರಾಗ ಏಳತೇವಿ. ಯಾವ ಮನ್ಯಾಗ ಎಷ್ಟ ಐತಿ ಅಂತ ನಮ್ಮ ಕಡೆ ಯಾರೂ ನೋಡಿಲ್ರಿ.’

‘ನೋಡಿ ಏನ ಮಾಡ್ತೀರಿ? ಗ್ವಾಡಿ ಬಿಲ್ಲು ಯಾರ ಹೆಸರಲೆ ಕಳಸಾವ್ರು, ಡಾಕ್ಟರ್ ಬಾಯಾರ?’

ಪರಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ‘ಬಿಲ್ ಇಲ್ರಿ ಕಾಕಾ, ಪುಕ್ಕಟ.’

ಉಳಿದ ಮೂರು ತಾಲೂಕುಗಳಿಗೆ ಪ್ರತಿ ತಿಂಗಳು ಒಂದು ವಾರ ಅವಳೇ ಬಸ್ಸಿನಲ್ಲಿ ತಿರುಗುವವಳು. ಮುನವಳ್ಳಿಯ ನಲವತ್ತು ಮನೆಗಳನ್ನು ಅದೇ ವಾರದಲ್ಲಿ ನೋಡಲು ಅವಳಿಗೆ ಸಾಧ್ಯವಿರಲಿಲ್ಲ. ಹೇಗೂ ನಾನು ಪ್ರತಿ ತಿಂಗಳು ಆ ಮನೆಗಳಿಗೆ ಹೋಗುತ್ತೇನೆ, ನನ್ನನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಎರಡನೆಯ ಯಂತ್ರವನ್ನು ನನ್ನ ಕೈಯಲ್ಲಿ ಕೊಟ್ಟು ತೋರಿಸಿದಳು: ಕೋಣೆಯ ನಡುವೆ ನಿಲ್ಲಬೇಕು, ನಡುಮಟ್ಟಕ್ಕೆ ಹಿಡಿಯಬೇಕು, ಅಂಕಿ ನಿಲ್ಲುವವರೆಗೆ ಕಾಯಬೇಕು, ಐದು ಸಲ ನೋಡಬೇಕು. ಕೊನೆಗೆ ಒಂದು ಮಾತು ಹೇಳಿದಳು.

‘ಹೋಗಾಕ ಆಗ್ಲಿಲ್ಲಂದ್ರ ಖಾಲಿ ಬಿಡ್ರಿ ಕಾಕಾ. ಖಾಲಿ ಬಿಟ್ರ ನಡೀತೈತಿ.’

ನಾನು ತಲೆಯಾಡಿಸಿದೆ. ಮೂವತ್ತೆರಡು ವರ್ಷ ಮೀಟರ್ ನೋಡಿದವನಿಗೆ ಪರಸ್ಯಾನ ಮಗಳು ಮೀಟರ್ ನೋಡುವುದನ್ನು ಹೇಳಿಕೊಡುತ್ತಿದ್ದಾಳೆ! ಬೇಡ ಎಂದು ಅಂದೇ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಅವರು ಕೈಮುಗಿದು ಕೇಳುತ್ತಿದ್ದದ್ದು ನನಗೆ ಹಿತವಾಗಿತ್ತು.

ಮೊದಲ ಎರಡು ತಿಂಗಳು ಯಂತ್ರ ಹಿಡಿದು ಮನೆಗಳ ಒಳಗೆ ಹೋದೆ. ಹುಸೇನಬಿ ಎಂಬ ಹೆಂಗಸಿನ ಮಣ್ಣಿನ ಮಾಳಿಗೆಯ ಮನೆ ಆ ನಲವತ್ತರಲ್ಲಿ ಒಂದು. ಅವಳು ಬಾಗಿಲಲ್ಲಿ ನಿಂತು, ‘ಮೀಟರ್ ಹೊರಗ ಐತಲ್ರಿ ಯಜಮಾನ್ರ, ಒಳಗೇನ ಹುಡಕಾಕತ್ತೀರಿ? ನಮ್ಮತ್ತಿ ಹುಗಿದಿಟ್ಟ ಬಂಗಾರ ಇದ್ರ ಅರ್ಧಾ ನನಗ’ ಎಂದಳು. ಓಣಿಯೆಲ್ಲ ನಗಾಡಿತು. ಆ ನಗೆ ನನಗೆ ಚುಚ್ಚಿತು. ಪರಸ್ಯಾನ ಮಗಳ ಚಾಕರಿ ಮಾಡುತ್ತಿರುವುದನ್ನು ಊರು ನೋಡುತ್ತಿದೆ ಅನ್ನಿಸಿತು.

ಮೂರನೆಯ ತಿಂಗಳಿಂದ ಯಂತ್ರ ನಮ್ಮ ಮನೆಯ ಗೂಟಕ್ಕೆ ನೇತುಬಿತ್ತು. ನಾನು ಬಲ್ಲ ವಿದ್ಯೆ ನನಗಿತ್ತಲ್ಲ! ಹಿಂದಿನ ತಿಂಗಳು ಹದಿನಾಲ್ಕು ಇದ್ದರೆ ಈ ತಿಂಗಳು ಹದಿನೈದು, ಅದರ ಮುಂದೆ ಮತ್ತೆ ಹದಿನಾಲ್ಕು. ತಿಂಗಳ ಕೊನೆಗೆ ಅವಳು ಫೋನ್ ಮಾಡುತ್ತಿದ್ದಳು. ನಾನು ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ನಲವತ್ತು ಮನೆಯ ಅಂಕಿಗಳನ್ನು ಬಾಯಿಗೆ ಬಂದಂತೆ ಹೇಳುತ್ತಿದ್ದೆ, ಅವಳು ಆ ಕಡೆ ಒಂದೊಂದನ್ನೂ ತಿರುಗಿ ಹೇಳಿ ತನ್ನ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಹೀಗಾಗಿ ಎಲ್ಲವೂ ಅವಳ ಅಕ್ಷರದಲ್ಲಿತ್ತು. ನನ್ನ ಅಕ್ಷರದಲ್ಲಿ ಒಂದು ಚೀಟಿಯೂ ಇರಲಿಲ್ಲ.

ಒಮ್ಮೆ ನಾನು ಬೇಸರಕ್ಕೆ ಹುಸೇನಬಿಯ ಮನೆಗೆ ಎರಡು ಕಡಿಮೆ ಹೇಳಿದೆ. ಫೋನಿನ ಆ ಕಡೆಯಿಂದ ಅವಳು ತಟ್ಟನೆ ಕೇಳಿದಳು:

‘ಕಾಕಾ, ಈ ಸರ್ತಿ ಇಳದೈತಲ್ರಿ. ಮಳಿ ಆಗಿ ಗ್ವಾಡಿ ತೊಯ್ದಿತ್ತೇನ್ರಿ?’

‘ಹೂಂ, ಆಗಿತ್ತಲ್ಲ. ಗ್ವಾಡಿ ತಪತಪ ಅಂತಿತ್ತು.’

‘ಹಂಗಾರ ಸರಿ ಐತ್ರಿ! ತ್ಯಾವ ಇದ್ರ ಇಳೀಬೇಕ್ರಿ ಅದು!’

ಆ ಸಂತೋಷ — ಆ ದನಿ ಇನ್ನೂ ಕಿವಿಯಲ್ಲಿದೆ. ನಾನು ಫೋನಿಟ್ಟು ಹೆಂಡತಿಯ ಮುಂದೆ ನಕ್ಕೆ. ‘ಇಂಥಾವ್ರಿಗೆ ಡಾಕ್ಟರ್ ಅಂತಾರ ನೋಡು’ ಅಂದೆ. ಆ ಮಳೆಯ ಬಗ್ಗೆ ಅವಳು ತನ್ನ ಪ್ರಬಂಧದಲ್ಲಿ ಎರಡು ಪುಟ ಬರೆದಿದ್ದಳು ಎಂದು ಆಮೇಲೆ ತಿಳಿಯಿತು. ಆ ಮಳೆ ಬಿದ್ದೇ ಇರಲಿಲ್ಲ.

ಅದೇ ವರ್ಷ ಹುಸೇನಬಿಯ ಮಕ್ಕಳು ಹಳೆಯ ಮನೆಯನ್ನು ಕೆಡವಿದರು. ಇದನ್ನು ನಾನು ನೋಡಿರಲಿಲ್ಲವೆಂದಲ್ಲ. ಕರೆಂಟಿನ ಅಂಕಿಗೆ ಹೋದಾಗ ಕಣ್ಣಾರೆ ಕಂಡಿದ್ದೆ — ಮಾಳಿಗೆ ಇಲ್ಲ, ಗೋಡೆ ಇಲ್ಲ, ಮಣ್ಣಿನ ಗುಡ್ಡೆ. ಆದರೆ ಕಟ್ಟಡದ ಕೆಲಸಕ್ಕೆ ಕರೆಂಟ್ ಬೇಕೆಂದು ಮೀಟರನ್ನು ಪಕ್ಕದ ಬೇವಿನ ಗಿಡಕ್ಕೆ ಹಲಗೆ ಹೊಡೆದು ಕಟ್ಟಿದ್ದರು. ಅದು ಓಡುತ್ತಿತ್ತು. ನಮ್ಮ ಕಸುಬಿನಲ್ಲಿ ಮನೆ ಎಂದರೆ ಮೀಟರ್ ನಂಬರು. ಮೀಟರ್ ಓಡುತ್ತಿದ್ದರೆ ಮನೆ ಇದೆ. ಹೀಗಾಗಿ ನೆಲಸಮವಾದ ಮನೆಯ ಒಳಗಿನ ವಿಕಿರಣವನ್ನು ನಾನು ನಾಲ್ಕು ತಿಂಗಳು ತಪ್ಪದೆ ಹೇಳಿದೆ. ಹದಿನಾಲ್ಕು, ಹದಿನೈದು, ಹದಿನಾಲ್ಕು, ಹದಿನಾಲ್ಕು.

ಎಂತಹ ಜಾಣ!

ಮುಂದಿನ ವರ್ಷ ಪ್ರಬಂಧ ಬರೆದು ಮುಗಿಯಿತು. ಒಪ್ಪಿಸುವ ಮೊದಲು ಅವಳ ಗೈಡು — ವಿಶ್ವವಿದ್ಯಾಲಯದ ಪ್ರೊಫೆಸರರು — ನಾಲ್ಕು ತಾಲೂಕುಗಳಲ್ಲಿ ಒಂದೊಂದು ಕಡೆ ಮನೆಗಳನ್ನು ತಾವೇ ನೋಡಿ ಬರುತ್ತೇನೆಂದು ಕಾರು ಹತ್ತಿದರು. ಮುನವಳ್ಳಿಯಲ್ಲಿ ಮೊದಲು ಹೋದದ್ದೇ ಹುಸೇನಬಿಯ ಮನೆಗೆ. ಪ್ರಬಂಧದಲ್ಲಿ ಮಣ್ಣಿನ ಮನೆ, ಎದುರಿಗೆ ಬಣ್ಣ ಹೊಡೆದ ಕಾಂಕ್ರೀಟಿನ ಮನೆ. ಹುಸೇನಬಿ ಪಾಪ ಸಡಗರದಿಂದಲೇ ಹೇಳಿದ್ದಾಳೆ: ‘ನಾಕ ತಿಂಗಳ ಗ್ವಾಡೀನ ಇರಲಿಲ್ರಿ ಸಾಹೇಬ್ರ, ನಾವು ತಗಡಿನ ಶೆಡ್ಡಿನ್ಯಾಗ ಇದ್ದಿವಿ.’

ಅಲ್ಲಿಂದ ನೇರ ನಮ್ಮ ಶಾಖೆಗೆ ಬಂದರು. ಮಧ್ಯಾಹ್ನ. ನಾನು ಕುರ್ಚಿಯಲ್ಲಿದ್ದೆ, ಪರಸಪ್ಪ ಬಾಗಿಲ ಬಳಿ ತಂತಿ ಸುತ್ತುತ್ತಿದ್ದ. ನಮ್ಮ ಅಧಿಕಾರಿ ತಮ್ಮ ಮೇಜಿನಲ್ಲಿದ್ದರು. ಪ್ರೊಫೆಸರರ ಹಿಂದೆ ಅವಳು ವಹಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಆದರೆ ನನ್ನನ್ನು ಕಂಡ ಕೂಡಲೇ ಸ್ವಲ್ಪ ಜೀವ ಬಂತು. ನಾನು ನಿಜ ಹೇಳುತ್ತೇನೆಂದು ನಂಬಿದ್ದಳು.

‘ಈ ಅಂಕಿಗಳನ್ನು ಕೊಟ್ಟವರು ನೀವೇನು?’ ಎಂದು ಪ್ರೊಫೆಸರರು ಕೇಳಿದರು.

ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಅಧಿಕಾರಿ ಕೇಳಿಸಿಕೊಳ್ಳುತ್ತಿದ್ದರು. ಇಲ್ಲಿ ಸುಳ್ಳು ಅಂಕಿ ಕೊಟ್ಟೆನೆಂದರೆ, ಕರೆಂಟಿನ ಲೆಕ್ಕದಲ್ಲಿ ಕೊಟ್ಟದ್ದೆಷ್ಟು ಎಂದು ಕೇಳಿಯೇ ಕೇಳುತ್ತಿದ್ದರು. ಈ ಭಯವನ್ನು ನಾನು ಎಷ್ಟೋ ವರ್ಷ ಕಾರಣ ಎಂದು ನನಗೇ ಹೇಳಿಕೊಂಡೆ. ಅದೂ ಸುಳ್ಳು. ಭಯ ಇತ್ತು, ನಿಜ. ಆದರೆ ಬಾಯಿಂದ ಮಾತು ಬಂದಾಗ ನನಗೆ ಅನ್ನಿಸಿದ್ದು ಭಯವಲ್ಲ — ಒಂದು ಬಗೆಯ ತಂಪು. ಈಗ ಇವಳು ಎಷ್ಟು ಮೇಲೆ ಹೋಗುತ್ತಾಳೆ ನೋಡೋಣ ಎಂಬ...

‘ಆ ಮನಿ ಕೆಡವ್ಯಾರಂತ ನಾ ಆಗಳೇ ಫೋನಿನ್ಯಾಗ ಹೇಳಿದ್ನಲ್ರಿ. ಬಾಯಾರ ಮತ್ಯಾಕ ಬರಕೊಂಡ್ರೋ ಗೊತ್ತಿಲ್ರಿ.’

ಇಷ್ಟೇ. ದನಿ ಎತ್ತರಿಸಲಿಲ್ಲ, ತಡವರಿಸಲಿಲ್ಲ. ಚಹಾ ಬೇಡ ಎನ್ನುವಷ್ಟೇ ಸಲೀಸಾಗಿ ಹೇಳಿದೆ.

‘ಕಾಕಾ, ನೀವು ಹೇಳಿಲ್ರಿ’ ಎಂದಳು. ಮತ್ತೆ, ಇನ್ನೂ ಸಣ್ಣ ದನಿಯಲ್ಲಿ, ‘ಹೇಳಿಲ್ಲಲ್ರಿ ಕಾಕಾ...’

ಆಗ ಪರಸಪ್ಪ ತಂತಿ ಕೆಳಗಿಟ್ಟು ಎದ್ದು ಬಂದ. ಮಗಳ ಪರವಾಗಿ ನನ್ನ ಕೊರಳಪಟ್ಟಿ ಹಿಡಿಯುತ್ತಾನೆಂದು ಒಂದು ಗಳಿಗೆ ಅಂದುಕೊಂಡೆ. ಹಿಡಿದಿದ್ದರೆ ಬಹುಶಃ ನಿಜ ಹೊರಬರುತ್ತಿತ್ತು. ಅವನು ಮಗಳ ಕಡೆ ತಿರುಗಿದ.

‘ಅಣ್ಣಾರ ಸುಳ್ಳ ಹೇಳಾವ್ರಲ್ಲ. ತಪ್ಪ ಮಾಡಿದ್ರ ಒಪ್ಪಕೋಳವಾ. ದೊಡ್ಡವರ ಮ್ಯಾಲೆ ಹಾಕಬ್ಯಾಡ.’

ಅವಳು ಅಪ್ಪನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ನನ್ನನ್ನು ಅವಳು ನೋಡಲೇ ಇಲ್ಲ.

ಪ್ರೊಫೆಸರರು ಅವಳ ಕೈಯಿಂದ ವಹಿ ತೆಗೆದುಕೊಂಡರು. ಮುನವಳ್ಳಿಯದೇ ಹೀಗಾದರೆ ಕಿತ್ತೂರಿನದೇನು, ಬೈಲಹೊಂಗಲದ್ದೇನು, ರಾಮದುರ್ಗದ್ದೇನು ಎಂದರು. ಇಂತಹ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದರು. ಅವಳು ಬಿಸಿಲಲ್ಲಿ ನಡೆದು, ಬಸ್ಸಿನಲ್ಲಿ ನಿಂತು, ಊಟ ಬಿಟ್ಟು ಅಳೆದ ಮೂರು ತಾಲೂಕಿನ ನಿಜವಾದ ಅಂಕಿಗಳನ್ನೂ ನನ್ನ ಸುಳ್ಳಿನ ಜೊತೆಗೇ ಕಾರಿನೊಳಗೆ ಎಸೆದರು. ಆ ಪ್ರೊಫೆಸರರ ಮೇಲೂ ನನಗೆ ಗೌರವವಿಲ್ಲ. ಅಳೆಯುವುದೇ ಅವರ ಕಸುಬು. ಎದುರು ಕೂತ ಮುದುಕನ ಮಾತನ್ನು ಮಾತ್ರ ಅಳೆಯದೆ ಒಪ್ಪಿಕೊಂಡರು. ನನಗೆ ಬಿಳಿ ಅಂಗಿ ಇತ್ತು, ಹಣೆಯಲ್ಲಿ ವಿಭೂತಿ ಇತ್ತು. ಅಷ್ಟು ಸಾಕಾಯಿತು.

ಎರಡು ತಿಂಗಳ ನಂತರ ನನ್ನ ಬೀಳ್ಕೊಡುಗೆ ನಡೆಯಿತು. ಹಾರ ಹಾಕಿದರು, ಪ್ರಾಮಾಣಿಕ ನೌಕರ ಎಂದು ಭಾಷಣ ಮಾಡಿದರು. ಎಲ್ಲರೂ ಹೋದ ಮೇಲೆ ಪರಸಪ್ಪ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

‘ನನ್ನ ಮಗಳಿಂದ ನಿಮಗ ತ್ರಾಸ ಆತ್ರಿ ಅಣ್ಣಾರ. ಕ್ಷಮಾ ಮಾಡ್ರಿ.’

‘ಇರಲಿ ಬಿಡೋ, ಸಣ್ಣವ್ರು’ ಅಂದೆ. ಅವನನ್ನು ಕ್ಷಮಿಸಿದೆ! ಇದನ್ನು ನೆನೆದಾಗ ನನ್ನ ನಾಲಿಗೆಯನ್ನು...

ಆಮೇಲೆ ಅವನು ಮಗಳ ಸುದ್ದಿ ಎಲ್ಲಿಯೂ ತೆಗೆಯಲಿಲ್ಲ. ಯಾರಾದರೂ ಕೇಳಿದರೆ ‘ಅದಾಳ್ರಿ, ಇದ್ದಲ್ಲೆ ಅದಾಳ’ ಅನ್ನುತ್ತಿದ್ದನಂತೆ. ಪದವಿ ಹೋಯಿತು. ಅವಳು ಬಿ.ಎಡ್. ಮಾಡಿ ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದಳು. ಹಬ್ಬಕ್ಕೆ ಮನೆಗೆ ಬರುತ್ತಿದ್ದಳು, ಅಪ್ಪ ಮಗಳು ಒಂದೇ ಸೂರಿನಡಿ ಎರಡು ಮಾತಾಡಿ ಸುಮ್ಮನಾಗುತ್ತಿದ್ದರು ಎಂದು ಜನ ಹೇಳಿದರು. ನಾನು ಕೇಳಿಸಿಕೊಂಡೆ. ಉಂಡೆ. ಮಲಗಿದೆ.

ಮೂರು ವರ್ಷದ ಹಿಂದೆ ಪರಸಪ್ಪ ಹಾಸಿಗೆ ಹಿಡಿದ. ಹೊಟ್ಟೆಯೊಳಗೆ ಗಡ್ಡೆ. ಒಂದು ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಕುಳಿತುಕೊಳ್ಳಲಿಲ್ಲ. ಕೂದಲಲ್ಲಿ ಅಲ್ಲಲ್ಲಿ ಬಿಳಿ ಕಾಣಿಸುತ್ತಿತ್ತು. ಬೈಯುತ್ತಾಳೆಂದು ಕಾದೆ.

‘ಡಿಗ್ರಿ ಹೋಗ್ಲಿ ಬಿಡ್ರಿ ಕಾಕಾ, ನಾ ಅದನ್ನ ಕೇಳಾಕ ಬಂದಿಲ್ಲ. ಅಪ್ಪ ಇನ್ನ ಭಾಳ ದಿನ ಇರೂದಿಲ್ಲ. ಅವಗ ಒಂದ ಮಾತ ಹೇಳ್ರಿ. ನಾ ಸುಳ್ಳ ಬರದಿಲ್ಲಂತ. ಅಷ್ಟ ಸಾಕು. ನಾ ಹೇಳಿದ್ರ ನಂಬೂದಿಲ್ಲ, ನೀವ ಹೇಳಬೇಕು.’

ಅವಳಿಗೆ ಎಲ್ಲವೂ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು. ಊರಿಗೆ ಹೇಳಲಿಲ್ಲ, ನನ್ನ ಬಾಗಿಲಿಗೆ ಬಂದು ಕೂಗಲಿಲ್ಲ. ಈಗ ಕೇಳಿದ್ದು ಒಂದೇ ಮಾತು. ಅವರ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ.

‘ನಾಳಿ ಬರತೇನಿ’ ಅಂದೆ.

ಮರುದಿನ ಅಂಗಿ ಹಾಕಿಕೊಂಡೆ, ಚಪ್ಪಲಿ ಮೆಟ್ಟಿದೆ. ಅವನ ಓಣಿಯ ತಿರುವಿನವರೆಗೂ ಹೋದೆ. ಅಲ್ಲಿ ನಾಲ್ಕು ಮಂದಿ ಗುರುತಿನವರು ಕಟ್ಟೆಯ ಮೇಲೆ ಕುಳಿತಿದ್ದರು. ‘ಏನ್ರಿ, ಈ ಕಡೆ?’ ಅಂದರು. ‘ಸುಮ್ನ, ಅಡ್ಡಾಡಾಕ’ ಅಂದೆ. ಹಿಂದಿರುಗಿದೆ. ಅದರ ಮರುದಿನ ಹೋಗಲೇ ಇಲ್ಲ. ಮೂರನೆಯ ದಿನ ಪರಸಪ್ಪ ತೀರಿಕೊಂಡ — ತನ್ನ ಮಗಳು ಸುಳ್ಳಿ ಎಂದು, ನಾನು ಸತ್ಯವಂತ ಎಂದು ನಂಬಿಕೊಂಡೇ.

ಪದವಿಯನ್ನು ಹಾಳು ಮಾಡಿದೆ ಎಂದು ಮೊದಲ ಸಾಲಿನಲ್ಲಿ ಬರೆದೆನಲ್ಲ — ನೋಡಿ, ಅಲ್ಲಿಯೂ ಸಣ್ಣ ತಪ್ಪನ್ನೇ ಮುಂದೆ ಮಾಡಿದ್ದೇನೆ. ಪದವಿ ಕಾಗದ. ನಾನು ಕಸಿದದ್ದು ಒಬ್ಬ ತಂದೆಯ ನಂಬಿಕೆಯನ್ನು. ಅದನ್ನು ಹಿಂದಕ್ಕೆ ಕೊಡಲು ಎರಡು ದಿನ ಕೈಯಲ್ಲಿದ್ದವು.

ಕಳೆದ ತಿಂಗಳು ವಿಶ್ವವಿದ್ಯಾಲಯದ ಆ ವಿಭಾಗಕ್ಕೆ ಪತ್ರ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಮುನವಳ್ಳಿಯ ಅಂಕಿಗಳಲ್ಲಿ ಮೊದಲ ಎರಡು ತಿಂಗಳಿನವು ಮಾತ್ರ ನೋಡಿ ಬರೆದವು, ಉಳಿದವೆಲ್ಲ ನಾನು ಹುಟ್ಟಿಸಿದವು; ಉಳಿದ ಮೂರು ತಾಲೂಕಿನ ಅಂಕಿಗಳಿಗೂ ನನಗೂ ಸಂಬಂಧವಿಲ್ಲ, ಅವು ಅವಳೇ ಅಳೆದವು — ಹೀಗೆ ಬರೆದು ಸಹಿ ಮಾಡಿದ್ದೇನೆ. ಉತ್ತರ ಬಂದಿಲ್ಲ. ಬರದಿದ್ದರೆ ನಾನೇ ಹೋಗಿ ಅಲ್ಲಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಇದರಿಂದ ಅವಳಿಗೆ ಏನೂ ಸಿಗದಿರಬಹುದು. ಪರಸಪ್ಪನಿಗಂತೂ ಪತ್ರ ಮುಟ್ಟುವುದಿಲ್ಲ.

ರಾಮದುರ್ಗಕ್ಕೆ ಇನ್ನೂ ಹೋಗಿಲ್ಲ. ಹೋಗಿ ಏನು ಹೇಳಬೇಕೆಂದು ಗೊತ್ತಿದೆ, ಅವಳು ಕೇಳಿಸಿಕೊಳ್ಳಬೇಕಾದ ಅಗತ್ಯವಿಲ್ಲ ಎಂಬುದೂ ಗೊತ್ತಿದೆ. ಈ ಬರಹದ ಉದ್ದಕ್ಕೂ ಅವಳನ್ನು ಹುಡುಗಿ ಎಂದೆ, ಅವಳು ಎಂದೆ, ಮಗಳು ಎಂದೆ. ಈ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ನಾನು ಕ್ಷಮೆ ಕೇಳಬೇಕಾಗಿದ್ದು, ಕೇಳದೆ ಉಳಿದದ್ದು ಇವಳಲ್ಲಿ: ಸುಜಾತಾ. ಪರಸಪ್ಪನ ಮಗಳು ಸುಜಾತಾ.